ಮೀಟರಣ್ಣನ ಕೆಂಪು ಬಿಲ್ಲೆ

ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಮೀಟರಣ್ಣ ಆವತ್ತು ಬೆಳಿಗ್ಗೆ ಮಾಡಿದ್ದು ಅದನ್ನೇ. ಆಸ್ಪತ್ರೆಯ ಸ್ವಯಂಸೇವಕರ ಕೋಣೆಗೆ ಎಲ್ಲರಿಗಿಂತ ಮೊದಲು ಬಂದು, ಬಾಗಿಲ ಕಡೆ ಎರಡು ಸಲ ಕಳ್ಳನ ಹಾಗೆ ನೋಡಿ, ಗೋಡೆಯ ಹಲಗೆಯಲ್ಲಿ ತನ್ನ ಹೆಸರಿನ ಮೊಳೆಗೆ ಒಂದು ಕೆಂಪು ಬಿಲ್ಲೆ ತಗುಲಿಹಾಕಿದ.

ಈ ಹಲಗೆಯ ಕತೆ ಸ್ವಲ್ಪ ಹೇಳಿಬಿಡಬೇಕು. ಸ್ವಯಂಸೇವಕರ ಮುಖ್ಯಸ್ಥೆ ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಆಸ್ಪತ್ರೆಯವರಿಗೆಲ್ಲ ಅವರು ಈಗಲೂ ಹೆಡ್‌ಮಿಸ್ಸೇ. ಆಯುಷ್ಯವೆಲ್ಲ ಮಕ್ಕಳ ಹಾಜರಿ ಕರೆದವರು ಈಗ ದೊಡ್ಡವರ ಮನಸ್ಸಿನ ಹಾಜರಿ ಹಿಡಿಯತೊಡಗಿದ್ದರು. ಒಬ್ಬೊಬ್ಬರಿಗೂ ಹಲಗೆಯಲ್ಲಿ ಒಂದು ಮೊಳೆ. ಮನಸ್ಸು ಹಗುರವಾಗಿದ್ದರೆ ಹಸಿರು ಬಿಲ್ಲೆ, ಭಾರವಾಗಿದ್ದರೆ ಕೆಂಪು. ಕೆಂಪು ಹಾಕಿದವರಿಗೆ ಕಡಿಮೆ ಕೆಲಸ, ಕೇಳಿದರೆ ರಜೆ. ವ್ಯವಸ್ಥೆ ಒಳ್ಳೆಯದೇ. ಆದರೆ ಕೆಂಪು ಬಿಲ್ಲೆಯ ಡಬ್ಬಿಯ ಮುಚ್ಚಳವನ್ನು ಅಲ್ಲಿಯವರೆಗೆ ಯಾರೂ ತೆಗೆದಿರಲಿಲ್ಲ. ಊರವರ ಕಷ್ಟ ನೋಡಲು ಬಂದವರು ತಮಗೇ ಕಷ್ಟ ಅಂದರೆ ಮರ್ಯಾದೆ ಏನಾಗಬೇಕು? ಜ್ವರ ಬಂದವರೂ ಹಸಿರು, ಹಲ್ಲುನೋವಿನವರೂ ಹಸಿರು, ಮನೆಯಲ್ಲಿ ಜಗಳ ಆಡಿ ಬಂದವರಂತೂ ಎರಡು ಹಸಿರು ಹಾಕಿಕೊಳ್ಳುವ ಹುಮ್ಮಸ್ಸಿನಲ್ಲಿ ಇರುತ್ತಿದ್ದರು.

ಮೀಟರಣ್ಣ ಮನೆಮನೆ ತಿರುಗಿ ಕರೆಂಟ್ ಮೀಟರ್ ಓದುವ ಕೆಲಸದಲ್ಲಿದ್ದು ನಿವೃತ್ತನಾದವನು. ಅವನು ಅಂಕಿ ಓದಿ ಹೇಳಬೇಕು, ಜೊತೆಗಿದ್ದವನು ಬರೆದುಕೊಳ್ಳಬೇಕು. ಅದಕ್ಕೇ ಒಂದೊಂದನ್ನೂ ಬಿಡಿಸಿ ಹೇಳಿ, ನಡುವೆ ತಡೆದು, ಕೊನೆಯದನ್ನು ತಪ್ಪದಿರಲಿ ಅಂತ ಇನ್ನೊಂದು ಸಲ ಹೇಳುವುದು ರೂಢಿ. ಕೆಲಸ ಹೋದರೂ ರೂಢಿ ಹೋಗಲಿಲ್ಲ. ಮನೆಯಲ್ಲಿ, ಒಬ್ಬಿಬ್ಬರ ಹತ್ತಿರ, ಎಲ್ಲರ ಹಾಗೇ ಮಾತಾಡುತ್ತಿದ್ದ. ನಾಲ್ಕು ಜನರೆದುರು ನಿಲ್ಲಿಸಿದರೆ ಮುಗಿಯಿತು, "ನಂಗೆ... ಟೀ... ಬೇಡ. ಬೇಡ" ಅಂತ ಮೀಟರ್ ಓದಲು ಶುರು. ಆಸ್ಪತ್ರೆಯಲ್ಲಿ ಅವನ ಪಾಲಿನ ಸೇವೆ ಗಾಲಿಕುರ್ಚಿ ತಳ್ಳುವುದು. ಅದಕ್ಕೆ ಮಾತು ಬೇಕಿರಲಿಲ್ಲವಾದ್ದರಿಂದ ಅವನಿಗೆ ಒಗ್ಗಿತ್ತು.

ಅಂಥ ಬಡಪಾಯಿ ಕೆಂಪು ಬಿಲ್ಲೆಗೆ ಕೈಹಾಕಲು ಕಾರಣ ಅವನ ಹೆಂಡತಿ. ಮಗಳಿಗೆ ದೂರದ ಊರಿನಲ್ಲಿ ಹೆಣ್ಣುಮಗುವಾಗಿತ್ತು. ನೋಡಲು ಹೋಗೋಣ ಅಂತ ಹೊರಟಾಗಲೆಲ್ಲ ಇವನಿಗೆ ಹೆಡ್‌ಮಿಸ್ಸಿನೆದುರು ರಜೆ ಕೇಳಲು ಬಾಯಿ ಬರದೆ ಪ್ರಯಾಣ ಮುಂದಕ್ಕೆ ಹೋಗುತ್ತಿತ್ತು.

"ಮಗು ಆಗ್ಲೇ ಬೋರಲು ಬೀಳ್ತಿದಾಳಂತೆ," ಅಂದಿದ್ದಳು ಹೆಂಡತಿ ಆವತ್ತು ಬೆಳಿಗ್ಗೆ. "ನೀವು ರಜೆ ಕೇಳೋ ಹೊತ್ತಿಗೆ ಸ್ಕೂಲಿಗೆ ಹೋಗ್ತಿರ್ತಾಳೆ. ನಾಳೆ ಬೆಳಿಗ್ಗೆ ಬಸ್ಸು. ಎರಡು ಸೀಟು ಮಾಡ್ಸಿದೀನಿ. ನೀವು ಬಂದ್ರೆ ಸರಿ, ಇಲ್ಲಾಂದ್ರೆ ನಾನೊಬ್ಬಳೇ ಹೊರಟೆ. ಊರಿಗೆ ಉಪಕಾರಿ, ಮನೆಗೆ ಮಾರಿ!"

ಬಾಯಲ್ಲಿ ಕೇಳಲಾರದ್ದನ್ನು ಬಿಲ್ಲೆಯಾದರೂ ಕೇಳಲಿ ಅಂತ ಮೀಟರಣ್ಣ ಲೆಕ್ಕ ಹಾಕಿದ್ದ.

ಮೊದಲು ಬಂದದ್ದು ಟೈಲರಮ್ಮ. ರೋಗಿಗಳ ಹರಿದ ಅಂಗಿ, ದಿಂಬಿನ ಚೀಲಗಳನ್ನೆಲ್ಲ ಹೊಲಿದುಕೊಡುವುದು ಆಕೆಯ ಸೇವೆ. ಹಲಗೆ ನೋಡಿದವಳೇ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಕೆಳಗೆ ಬಿಟ್ಟಳು.

"ಅಯ್ಯೋ ಮೀಟರಣ್ಣ! ಏನಾಯ್ತು? ಯಾರಿಗೇನಾಯ್ತು?"

"ಯಾರಿಗೂ ಏನಿಲ್ಲಮ್ಮ. ಒಂಚೂರು ಸುಸ್ತು, ಅಷ್ಟೇ."

"ಸುಸ್ತು ಅಂತ ಶುರುವಾಗೋದು! ನನ್ನ ಭಾವನೋರೂ ಹೀಗೇ ಸುಸ್ತು ಅಂದ್ರು, ಅಂದೋರು ಎರಡು ವರ್ಷ ಮಾತೇ ಬಿಟ್ರು. ಕೂತ್ಕೊಳಿ. ಇವತ್ತು ಗಾಲಿಕುರ್ಚಿ ಮುಟ್ಟಬೇಡಿ. ಟೀ ತರ್ತೀನಿ."

ಟೀ ಬರುವಷ್ಟರಲ್ಲಿ ಬ್ಯಾಂಕಣ್ಣ ಬಂದ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು, ಈಗ ಹೊರರೋಗಿಗಳ ಸಾಲು ನೋಡಿಕೊಳ್ಳುತ್ತಾನೆ. ಮೀಟರಣ್ಣನ ಎದುರು ಕುರ್ಚಿ ಎಳೆದುಕೊಂಡು, ಮಂಡಿಗೆ ಮಂಡಿ ತಾಗುವಂತೆ ಕೂತ.

"ಮೂಗಲ್ಲಿ ಉಸಿರು ಎಳ್ಕೊಳಿ. ಹಿಡ್ಕೊಳಿ. ಬಿಡಬೇಡಿ, ನಾನು ಹೇಳೋವರೆಗೂ ಬಿಡಬೇಡಿ."

ಅಷ್ಟರಲ್ಲಿ ಹೊರಗೆ ಯಾರೋ ಟೋಕನ್ ಕೇಳಿದರು. ಬ್ಯಾಂಕಣ್ಣ ಎದ್ದು ಹೋದ. ಉಸಿರು ಬಿಡಿ ಅಂತ ಹೇಳಲು ಮರೆತ. ಟೈಲರಮ್ಮ ಟೀ ತಂದಾಗ ಮೀಟರಣ್ಣನ ಮುಖ ಬಿಲ್ಲೆಯ ಬಣ್ಣಕ್ಕೆ ತಿರುಗಿತ್ತು. ಆಕೆ ಚೀರಿದ ಚೀರಿಗೆ ಪಕ್ಕದ ಎಕ್ಸ್‌ರೇ ಕೋಣೆಯವರೂ ಓಡಿಬಂದರು. ಬಂದವರೆಲ್ಲ ಒಂದೊಂದು ಮಾತು ಸಮಾಧಾನ ಹೇಳಿದರು. ಇಷ್ಟು ಜನರ ಸಮಾಧಾನ ಕೇಳಿ ಅವನಿಗೆ ನಿಜವಾಗಿಯೂ ಅಳು ಬರುವ ಹಾಗಾಯಿತು.

ಆಗ ಹೆಡ್‌ಮಿಸ್ಸು ಬಂದರು. ಎಲ್ಲರೂ ಬಾಲ ಮುದುರಿಕೊಂಡು ದಾರಿ ಬಿಟ್ಟರು. ಅವರು ಹಲಗೆಯನ್ನು ನೋಡಿ, ಮೀಟರಣ್ಣನನ್ನು ನೋಡಿ, ಕಣ್ಣೊರೆಸಿಕೊಂಡರು.

"ಮೊದಲನೇ ಕೆಂಪು ಬಿಲ್ಲೆ," ಅಂದರು. "ನಾನು ಈ ಹಲಗೆ ಮಾಡ್ಸಿದ್ದು ಸಾರ್ಥಕ ಆಯ್ತು ಮೀಟರಣ್ಣ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು."

ಇದೇ ಸಮಯ ಅಂತ ಮೀಟರಣ್ಣ ಎದ್ದು ನಿಂತ. "ಮೇಡಂ... ನಂಗೆ... ಒಂದು ವಾರ..."

"ಒಂದು ವಾರದಿಂದ ಹೀಗಿದೆಯಾ? ಛೆ! ಬನ್ನಿ, ಮೊದಲು ಡಾಕ್ಟರಮ್ಮನ್ನ ನೋಡೋಣ."

ಮನಸ್ಸಿನ ಡಾಕ್ಟರಮ್ಮ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಬಹಳ ಒಳ್ಳೆಯವಳು. ಮೀಟರಣ್ಣ ಹೇಳಬೇಕಾದ್ದನ್ನೆಲ್ಲ ಹೆಡ್‌ಮಿಸ್ಸೇ ಹೇಳಿ ಮುಗಿಸಿದರು. ಡಾಕ್ಟರಮ್ಮ ತಲೆದೂಗುತ್ತಾ ಕೇಳಿದಳು.

"ಮಾತ್ರೆ ಏನೂ ಬೇಡ ಅಂಕಲ್. ಒಂದು ಕವಿತೆ ಬರೀರಿ."

"ಏನು?"

"ಕವಿತೆ. ಬೇರೆಯೋರ ನೋವು ದಿನಾ ನೋಡೋರು ಒಳಗೇ ತುಂಬಿಸ್ಕೊಂಡು ಬಿಡ್ತಾರೆ. ಅದು ಹೊರಗೆ ಬರಬೇಕು. ಬರೆದ್ರೆ ಅರ್ಧ ಭಾರ ಇಳಿಯುತ್ತೆ. ಎಲ್ಲರೆದುರು ಓದಿದ್ರೆ ಪೂರ್ತಿ ಇಳಿಯುತ್ತೆ."

ಹೆಡ್‌ಮಿಸ್ಸು ಚಪ್ಪಾಳೆ ತಟ್ಟಿದರು. ಆವತ್ತು ಸಂಜೆ ನಾಲ್ಕಕ್ಕೆ ಸ್ವಯಂಸೇವಕರಿಗೆಲ್ಲ ಕೃತಜ್ಞತೆ ಹೇಳುವ ಚಹಾಕೂಟ ಇಟ್ಟಿದ್ದರು. "ಅಲ್ಲೇ ಓದಿ! ಎಲ್ಲರ ಪರವಾಗಿ ಬರೀರಿ. ಕೇಳಿದೋರ ಮನಸ್ಸೂ ಹಗುರ ಆಗ್ಲಿ."

"ಮೇಡಂ, ನಂಗೆ ಬರೆಯೋಕೆ ಬರಲ್ಲ. ರಜೆ..."

"ಮೊದಲು ಕವಿತೆ. ಆಮೇಲೆ ಏನು ಬೇಕಾದ್ರೂ ಕೇಳಿ, ಇಲ್ಲ ಅನ್ನಲ್ಲ. ನನ್ನ ಮಾತು."

ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಆದರೂ ಏನು ಬೇಕಾದರೂ ಕೇಳಿ ಅಂದಿದ್ದಾರೆ, ನಾಲ್ಕು ಸಾಲು ಗೀಚಿದರೆ ನಾಳೆ ಬಸ್ಸು, ಬಸ್ಸಿನ ಕೊನೆಗೆ ಮೊಮ್ಮಗಳು. ಮೀಟರಣ್ಣ ಪೆನ್ನು ಹುಡುಕಿದ.

ಗಾಲಿಕುರ್ಚಿ ಮುಟ್ಟಬೇಡಿ ಅಂತ ಟೈಲರಮ್ಮ ಹೇಳಿದ್ದರೂ ಸೊಂಟದ ಅಜ್ಜಿ ಬಿಡಬೇಕಲ್ಲ. ಬಿದ್ದು ಸೊಂಟ ಮುರಿದುಕೊಂಡು ಮೂಳೆ ವಾರ್ಡಿನಲ್ಲಿದ್ದ ಈ ಅಜ್ಜಿಗೆ ಮೀಟರಣ್ಣನೇ ಬೇಕು. ಆಕೆ ಗಟ್ಟಿ ದೇಹದವಳು. ಅದು ಸಾಲದೆಂದು, ಬಿಟ್ಟುಹೋದರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಅಂತ ಫ್ಲಾಸ್ಕು, ಶಾಲು, ರೇಡಿಯೋ, ಎರಡು ದಿಂಬು ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡೇ ಕುರ್ಚಿ ಏರುತ್ತಿದ್ದಳು. ಆವತ್ತು ಎಕ್ಸ್‌ರೇ ತೆಗೆಸಿಕೊಂಡು ಬಂದಿದ್ದರಿಂದ ಅದರ ದೊಡ್ಡ ಕವರೂ ಮಡಿಲಲ್ಲಿತ್ತು. ವಾರ್ಡಿನ ಹೊರಗೆ ಕುರ್ಚಿ ನಿಲ್ಲಿಸಿ, ಬೇರೆ ಕಾಗದ ಸಿಗದೆ ಮೀಟರಣ್ಣ ಆ ಕವರಿನ ಬೆನ್ನ ಮೇಲೇ ಕವಿತೆ ಶುರುಮಾಡಿದ.

"ಏನದು?" ಅಂದಳು ಅಜ್ಜಿ.

"ಕವಿತೆ."

"ನನ್ನ ಸೊಂಟದ ಮೇಲಾ?"

"ನಿಮ್ಮ ಸೊಂಟದ ಕವರಿನ ಮೇಲೆ."

ಮೊದಲನೇ ಸಾಲು ಬಂತು: ಗಾಲಿ ತಿರುಗಿತು ಗರಗರ. ಎರಡನೆಯದು ಅದರ ಬೆನ್ನಿಗೇ ಬಂತು: ಸೇವೆ ನಡೆಯಿತು ಸರಸರ. ಇಷ್ಟು ಸುಲಭವೇ ಅಂತ ಅವನಿಗೇ ಆಶ್ಚರ್ಯ. ಟೈಲರಮ್ಮನಿಗೂ ಒಂದು ಸಾಲು ಇರಲಿ ಅಂತ ಸೇರಿಸಿದ: ಬಟ್ಟೆ ಹೊಲಿದಳು ಪರಪರ.

ಇವನನ್ನು ಹುಡುಕಿಕೊಂಡು ಇನ್ನೊಂದು ಲೋಟ ಟೀ ತಂದ ಟೈಲರಮ್ಮ ಅದನ್ನು ಬಗ್ಗಿ ಓದಿದಳು. ಮುಖ ಕೆಂಪಾಯಿತು.

"ಪರಪರ ಅಂತ ಹರಿಯೋದು ಮೀಟರಣ್ಣ! ನಾನು ಹರಿಯೋಳಾ, ಹೊಲಿಯೋಳಾ? ಇಷ್ಟು ವರ್ಷ ಒಂದು ಹೊಲಿಗೆ ಬಿಟ್ಟೋಳಲ್ಲ ನಾನು!"

ಪರಪರ ಹೊಡೆದುಹಾಕಿದ. ಅಷ್ಟರಲ್ಲಿ ಬ್ಯಾಂಕಣ್ಣ ಬಂದು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದ.

"ನನ್ನ ಮಂಡಿನೋವು ಇದೆಯಲ್ಲ, ಅದನ್ನ ಕವಿತೆಯಲ್ಲಿ ಹಾಕ್ಬೇಡಿ. ಪಾಪ, ಎಲ್ಲರೂ ಬೇಜಾರು ಮಾಡ್ಕೋತಾರೆ."

"ಸರಿ, ಹಾಕಲ್ಲ."

"ಹಾಗಂತ ಪೂರ್ತಿ ಬಿಟ್ಟುಬಿಡಬೇಡಿ ಮತ್ತೆ. ಯಾರಿಗೂ ಗೊತ್ತಾಗಬಾರದು, ಆದ್ರೆ ಎಲ್ಲರಿಗೂ ಗೊತ್ತಾಗಬೇಕು. ಹಾಗೆ ಹಾಕಿ."

ಅವನು ಕುಂಟುತ್ತಾ ಹೋದ. ಬಂದಾಗ ಕುಂಟಿರಲಿಲ್ಲ.

ಅಜ್ಜಿಗೆ ಸಿಟ್ಟು ಬಂದಿತ್ತು. "ತಳ್ಳೋರಿಗೆ ಕವಿತೆ, ಹೊಲಿಯೋರಿಗೆ ಕವಿತೆ, ಕೂತೋರಿಗೆ ಏನೂ ಇಲ್ವೇನಪ್ಪ? ನಾವು ಬಿದ್ದು ಕೈಕಾಲು ಮುರ್ಕೊಳ್ಳದಿದ್ರೆ ನೀವೆಲ್ಲ ಯಾರ ಸೇವೆ ಮಾಡ್ತಿದ್ರಿ?"

ಅದೂ ನಿಜವೇ ಅನ್ನಿಸಿ ಮೀಟರಣ್ಣ ಯೋಚಿಸಿದ. ಗರಗರಕ್ಕೆ ಹೊಂದುವಂತೆ ಬಂದದ್ದು: ಸೊಂಟ ಮುರಿಯಿತು ಲಟಲಟ. ಅಜ್ಜಿ ರೇಡಿಯೋ ಎತ್ತಿ ಹೊಡೆಯಲು ಬಂದಳು.

ಫೋನು ಹೊಡೆದುಕೊಂಡಿತು. ಹೆಂಡತಿ.

"ಬ್ಯಾಗು ತುಂಬ್ಸಿ ಆಯ್ತು. ಕೇಳಿದ್ರಾ?"

"ಕೇಳ್ತೀನಿ ಕಣೇ. ಈಗ ಕವಿತೆ ಬರೀತಾ ಇದೀನಿ."

ಆಚೆ ಕಡೆ ಬ್ಯಾಗು ಧೊಪ್ಪನೆ ಬಿದ್ದ ಸದ್ದು.

"ಏನಂದ್ರಿ?"

"ಕವಿತೆ. ಸಂಜೆ ಓದಬೇಕು. ಓದಿದ್ರೆ ರಜೆ ಕೊಡ್ತಾರಂತೆ."

"ನನ್ನ ಕೈಹಿಡಿದು ಇಷ್ಟು ವರ್ಷ ಆಯ್ತು. ಒಂದು ದಿನ ನನ್ನ ಮೇಲೆ ಒಂದು ಸಾಲು ಬರೆದಿಲ್ಲ. ಆಸ್ಪತ್ರೆಯೋರಿಗೆ ಕವಿತೆ! ಇರಿ, ನಾನೂ ಬರ್ತೀನಿ. ಯಾರ ಮೇಲೆ ಬರೆದಿದೀರಿ ಅಂತ ಕೇಳೇಬಿಡ್ತೀನಿ."

ಫೋನು ಇಟ್ಟು ತಿರುಗಿದರೆ ಅಜ್ಜಿ ಅವನನ್ನೇ ನೋಡುತ್ತಿದ್ದಳು.

"ಎಲ್ಲಿಗೋ ಹೊರಟಿದೀಯ?"

"ನಾಳೆ ಮಗಳ ಊರಿಗೆ. ಮೊಮ್ಮಗಳನ್ನ ನೋಡಿಲ್ಲ ಅಜ್ಜಿ ಇನ್ನೂ."

"ಮತ್ತೆ ನನ್ನನ್ನ ತಳ್ಳೋರು?"

"ಬ್ಯಾಂಕಣ್ಣ ಇದಾನಲ್ಲ."

"ಅವನಾ! ಹೋದ ಸಲ ಲಿಫ್ಟಿನ ಬಾಗಿಲಿಗೆ ನನ್ನ ಕಾಲು ಗುದ್ದಿಸಿದ. ಕಾಲು ಚೆನ್ನಾಗಿತ್ತು, ಅದೂ ಹೋಗ್ತಿತ್ತು." ಅಜ್ಜಿ ಶಾಲು ಎಳೆದುಕೊಂಡಳು. ಅವನು ಅವಳನ್ನು ಒಳಗೆ ಕರೆದೊಯ್ದು ಹಾಸಿಗೆಗೆ ದಾಟಿಸಿದ. ದಿನವೂ ಹಾಗೆ ದಾಟಿಸಿದ ಮೇಲೆ ಅವಳು ಅವನ ಕೈಯನ್ನು ಒಂದಷ್ಟು ಹೊತ್ತು ಹಿಡಿದುಕೊಂಡೇ ಇರುತ್ತಿದ್ದಳು, ಮಾತಿಲ್ಲ ಕತೆಯಿಲ್ಲ. ಆವತ್ತೂ ಹಿಡಿದುಕೊಂಡಳು. ಅವನೂ ಎಂದಿನಂತೆ ಬಿಡಿಸಿಕೊಳ್ಳಲಿಲ್ಲ.

ಕೈ ಬಿಟ್ಟ ಮೇಲೆ ನೋಡುತ್ತಾನೆ, ಕವರಿಲ್ಲ! ಗರಗರ, ಸರಸರ, ಅಷ್ಟು ಕಷ್ಟಪಟ್ಟು ಕೂಡಿಸಿದ ಮುಂದಿನ ಸಾಲುಗಳು, ಯಾವುದೂ ಇಲ್ಲ. ನರ್ಸು ಬಂದು ಕವರನ್ನು ಮೂಳೆ ಡಾಕ್ಟರಿಗೆ ಕೊಟ್ಟಾಗಿತ್ತು. ಮೀಟರಣ್ಣ ಅವರ ಕೋಣೆಗೆ ಓಡಿದ. ಡಾಕ್ಟರು ಅದನ್ನು ಹಿಡಿದುಕೊಂಡೇ ಆಪರೇಷನ್ ಕೋಣೆಗೆ ಹೋಗಿದ್ದರು, ಸಂಜೆಯವರೆಗೆ ಹೊರಗೆ ಬರುವುದಿಲ್ಲವಂತೆ.

"ಡಾಕ್ಟರು ಕವರು ತಿರುಗಿಸಿ ಓದಿದ್ರು," ಅಂದಳು ನರ್ಸು. "ಈ ಅಜ್ಜಿಗೆ ಸೊಂಟದ ಜೊತೆ ತಲೇನೂ ಒಂದ್ಸಲ ತೋರಿಸ್ಬೇಕು ಅಂತ ಚೀಟಿಯಲ್ಲಿ ಬರೆದ್ರು."

ಮೀಟರಣ್ಣ ಮತ್ತೆ ಬರೆಯಲು ಕೂತ. ಕೂತಲ್ಲೆಲ್ಲ ಯಾರಾದರೂ ಬಂದು ಹೆಗಲ ಮೇಲೆ ಕೈಯಿಟ್ಟು, "ಹೇಗಿದೀರಾ ಈಗ?" ಅಂತ ಕೇಳಿ ಟೀ ಕೊಡುತ್ತಿದ್ದರು. ಅವನು "ಚೆನ್ನಾಗಿದೀನಿ" ಅನ್ನುತ್ತಿದ್ದ. ಟೀಯ ಲೆಕ್ಕ ತಪ್ಪಿ ಶೌಚಾಲಯಕ್ಕೂ ಕೋಣೆಗೂ ಅಲೆದಾಡುವುದರಲ್ಲೇ ನಾಲ್ಕಾಯಿತು. ಕಾಗದದ ಮೇಲೆ ಒಂದಕ್ಷರ ಇಳಿದಿರಲಿಲ್ಲ.

ಚಹಾಕೂಟ ನಡೆದದ್ದು ಕ್ಯಾಂಟೀನಿನಲ್ಲಿ. ಸ್ವಯಂಸೇವಕರೆಲ್ಲ ಬಂದಿದ್ದರು. ನಡೆಯಬಲ್ಲ ಕೆಲವು ರೋಗಿಗಳೂ ಬಂದು ಗೋಡೆಗೊರಗಿ ನಿಂತಿದ್ದರು. ಅಜ್ಜಿಯಂತೂ ಹಟಮಾಡಿ, ಬ್ಯಾಂಕಣ್ಣನ ಕೈಯಿಂದಲೇ ಕುರ್ಚಿ ತಳ್ಳಿಸಿಕೊಂಡು, ಬಾಗಿಲಿಗೆ ಒಂದು ಸಲ ಗುದ್ದಿಸಿಕೊಂಡು ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ಮೀಟರಣ್ಣನ ಹೆಂಡತಿ, ಕೈಕಟ್ಟಿಕೊಂಡು.

ಹೆಡ್‌ಮಿಸ್ಸು ಎರಡು ಮಾತು ಕೃತಜ್ಞತೆ ಹೇಳಿದರು, ಅಲ್ಲಲ್ಲ, ಇಪ್ಪತ್ತು ಮಾತು ಹೇಳಿದರು. ಕೊನೆಗೆ, "ಈಗ ನಮ್ಮ ಮೀಟರಣ್ಣ ನಮ್ಮೆಲ್ಲರ ಪರವಾಗಿ ಒಂದು ಕವಿತೆ ಓದ್ತಾರೆ," ಅಂದು ಕೂತರು.

ಮೀಟರಣ್ಣ ಬರಿಗೈಯಲ್ಲಿ ಎದ್ದು ನಿಂತ. ಜೇಬು ತಡಕಿದ. ಗರಗರದ ಮುಂದಿನದು ನೆನಪಿಗೆ ಬರಲಿಲ್ಲ. ಎದುರಿಗೆ ಹೆಂಡತಿಯ ಮುಖ ಕಂಡಿತು. ಬೆಳಗಿನ ಬಸ್ಸು ಕಂಡಿತು. ಬೋರಲು ಬೀಳುವ, ಮುಖ ಕಾಣದ ಒಂದು ಮಗು ಕಂಡಿತು. ಕವಿತೆ ಗಿವಿತೆ ಎಲ್ಲ ಹಾಳಾಗಿ ಹೋಗಲಿ, ಇದ್ದದ್ದು ಇದ್ದ ಹಾಗೆ ಹೇಳಿ ರಜೆ ಕೇಳಿಬಿಡುತ್ತೇನೆ ಅಂತ ಬಾಯಿ ತೆರೆದ. ಆದರೆ ಎದುರಿಗೆ ಇದ್ದದ್ದು ನಾಲ್ಕು ಜನರಲ್ಲ, ಕ್ಯಾಂಟೀನು ತುಂಬ ಜನ. ಬಾಯಿ ತನ್ನ ಹಳೇ ಕೆಲಸಕ್ಕೆ ತಾನೇ ಹೋಯಿತು.

"ನಂಗೆ... ಸಾಕಾಗಿದೆ. ಸಾಕಾಗಿದೆ."

ಕ್ಯಾಂಟೀನಿನಲ್ಲಿ ಲೋಟದ ಸದ್ದು ನಿಂತಿತು.

"ಬೆನ್ನು... ನೋಯತ್ತೆ. ದಿನಾ ತಳ್ತೀನಿ... ಯಾರನ್ನೋ... ಎಲ್ಲಿಗೋ. ಎಲ್ಲಿಗೋ.

"ಎಲ್ಲರೂ ಕೇಳ್ತಾರೆ... ಹೇಗಿದೀರಾ? ಚೆನ್ನಾಗಿದೀನಿ... ಅಂತೀನಿ. ಸುಳ್ಳು. ಸುಳ್ಳು.

"ನಿಮ್ಮನ್ನ ಕೇಳ್ತೀನಿ... ಹೇಗಿದೀರಾ? ಚೆನ್ನಾಗಿದೀವಿ... ಅಂತೀರಿ. ಎಲ್ಲಾ ಹಸಿರು. ಹಸಿರು."

ಟೈಲರಮ್ಮ ಮೂಗೊರೆಸಿಕೊಂಡಳು. ಬ್ಯಾಂಕಣ್ಣ ತಲೆ ತಗ್ಗಿಸಿದ. ಮೀಟರಣ್ಣನಿಗೆ ಬೆವರು ಇಳಿಯುತ್ತಿತ್ತು.

"ಮೊಮ್ಮಗಳು... ಹುಟ್ಟಿದಾಳೆ. ನಾನಿನ್ನೂ... ನೋಡಿಲ್ಲ. ನೋಡಿಲ್ಲ.

"ಬಿಟ್ಟುಹೋಗೋಣ... ಅಂತೀನಿ. ಆದ್ರೆ ಇಲ್ಲೊಬ್ಬರು... ಹಾಸಿಗೆಗೆ ದಾಟಿಸಿದ್ಮೇಲೆ... ನನ್ನ ಕೈ ಹಿಡ್ಕೋತಾರೆ. ಏನೂ ಹೇಳಲ್ಲ. ಸುಮ್ನೆ... ಹಿಡ್ಕೋತಾರೆ. ನನ್ನ ಕೈಯನ್ನ... ಅಷ್ಟು ಬೇಕು ಅಂತ... ಬೇರೆ ಯಾರೂ... ಹಿಡ್ಕೊಂಡಿಲ್ಲ. ಹಿಡ್ಕೊಂಡಿಲ್ಲ."

ಇದನ್ನು ಹೇಳಬೇಕೆಂದು ಅವನು ಅಂದುಕೊಂಡಿರಲೇ ಇಲ್ಲ. ಅದಾಗಿಯೇ ಬಂತು. ಆದರೂ ಮುಖ್ಯವಾದದ್ದು ಉಳಿದಿತ್ತು.

"ಅದಕ್ಕೆ... ಒಂದು ವಾರ... ರಜೆ ಬೇಕು. ರಜೆ."

ಮುಂದಿನ ಸಾಲಿನಿಂದ ಒಂಟಿ ಚಪ್ಪಾಳೆ ಕೇಳಿತು. ಅಜ್ಜಿ, ರೇಡಿಯೋವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟುತ್ತಾ ಕೂಗಿದಳು: "ಭೇಷ್! ಎಂಥಾ ಕವಿತೆ!"

ಅಷ್ಟೇ, ಕ್ಯಾಂಟೀನು ಕಿತ್ತುಹೋಗುವಷ್ಟು ಚಪ್ಪಾಳೆ.

ಹೆಡ್‌ಮಿಸ್ಸು ಗಳಗಳನೆ ಅಳುತ್ತಾ ಮುಂದಕ್ಕೆ ಬಂದರು. "ಜೀವಮಾನವೆಲ್ಲ ಪದ್ಯ ಪಾಠ ಮಾಡಿದೆ. ಇವತ್ತು ನನಗೆ ಪದ್ಯ ಅಂದ್ರೆ ಏನು ಅಂತ ಗೊತ್ತಾಯ್ತು. ಇವರು ರಜೆ ಕೇಳಿದ್ದು ತಮಗೇ ಅಂದ್ಕೊಂಡ್ರಾ? ನಮ್ಮೆಲ್ಲರ ಬಾಯಾಗಿ ಕೇಳಿದ್ರು!"

"ಮೇಡಂ," ಅಂದ ಮೀಟರಣ್ಣ ಗಾಬರಿಯಿಂದ. "ಅದು... ಕವಿತೆ... ಅಲ್ಲ. ಅಲ್ಲ."

"ನೋಡಿ, ಇನ್ನೂ ಬರ್ತಾ ಇದೆ!" ಅಂತ ಹಿಂದಿನಿಂದ ಯಾರೋ ಕೂಗಿದರು. ಮತ್ತೆ ಚಪ್ಪಾಳೆ.

ಆಮೇಲೆ ನಡೆದದ್ದನ್ನು ತಡೆಯುವುದು ಯಾರಪ್ಪನಿಂದಲೂ ಸಾಧ್ಯವಿರಲಿಲ್ಲ. ಟೈಲರಮ್ಮ ಎದ್ದು ನಿಂತು, ತನಗೆ ಸೂಜಿಯ ಕಣ್ಣು ಕಾಣದೆ ಎಷ್ಟೋ ದಿನವಾಯಿತು, ನಾಚಿಕೆಯಿಂದ ಹೇಳಿರಲಿಲ್ಲ ಅಂತ ಅತ್ತಳು. ಬ್ಯಾಂಕಣ್ಣ ತನ್ನ ಮಂಡಿಯನ್ನು ಬಹಿರಂಗವಾಗಿ ಮುಟ್ಟಿ ತೋರಿಸಿದ. ಒಬ್ಬೊಬ್ಬರೇ ಬಂದು ಮೀಟರಣ್ಣನನ್ನು ಅಪ್ಪಿಕೊಂಡು, "ನಮ್ಮ ಮನಸ್ಸಲ್ಲಿದ್ದದ್ದು ಹೇಳಿಬಿಟ್ರಿ. ಪುಣ್ಯಾತ್ಮರು ನೀವು," ಅಂದು, ನೇರ ಸ್ವಯಂಸೇವಕರ ಕೋಣೆಗೆ ಹೋಗಿ ಹಲಗೆಯ ಮೇಲೆ ಹಸಿರು ತೆಗೆದು ಕೆಂಪು ಹಾಕತೊಡಗಿದರು. ಒಬ್ಬ ಹಾಕಿದ ಮೇಲೆ ಇನ್ನೊಬ್ಬನಿಗೆ ಎಂಥ ನಾಚಿಕೆ?

"ಎಲ್ಲರಿಗೂ ಒಂದು ವಾರ ರಜೆ!" ಅಂದರು ಹೆಡ್‌ಮಿಸ್ಸು, ಕೋಣೆಯ ನಡುವೆ ನಿಂತು. ಆಮೇಲೆ ಸಣ್ಣ ದನಿಯಲ್ಲಿ, "ನನ್ನ ಮೊಳೆಗೂ ಒಂದು ಕೆಂಪು ಕೊಡಿ. ಗಂಡ ಹೋದ ಮೇಲೆ ಮನೇಲಿ ಒಬ್ಬಳೇ ಇರೋಕೆ ಆಗದೆ ಇಲ್ಲಿಗೆ ಬಂದೋಳು ನಾನು. ಒಂದು ದಿನಾನೂ ರಜೆ ತಗೊಂಡಿಲ್ಲ," ಅಂದರು. ಟೈಲರಮ್ಮ ಡಬ್ಬಿಗೆ ಕೈಹಾಕಿದಳು. ಡಬ್ಬಿ ಖಾಲಿ.

"ಇದೆಯಲ್ಲ ಇಲ್ಲಿ," ಅಂತ ಡಾಕ್ಟರಮ್ಮ ಮುಂದೆ ಬಂದು, ಮೀಟರಣ್ಣನ ಮೊಳೆಯಿಂದ ಕೆಂಪು ಬಿಲ್ಲೆ ತೆಗೆದು ಹೆಡ್‌ಮಿಸ್ಸಿಗೆ ಕೊಟ್ಟಳು. "ಅಂಕಲ್‌ಗೆ ಇನ್ನು ಇದು ಬೇಡ. ಬರೆದ್ರೆ ಅರ್ಧ, ಓದಿದ್ರೆ ಪೂರ್ತಿ ಅಂದಿರ್ಲಿಲ್ವಾ? ಕವಿತೆ ಕೇಳಿದೋರಿಗೆ ರಜೆ ಬೇಕು. ಇವರಿಗೆ ಗುಣ ಆಯ್ತು." ಆಮೇಲೆ ತನ್ನ ಕೈಯಾರೆ ಅವನ ಮೊಳೆಗೆ ಹಸಿರು ತಗುಲಿಹಾಕಿದಳು.

ಮೀಟರಣ್ಣ ಹೆಂಡತಿಯ ಕಡೆ ತಿರುಗಿದ. ಅವಳಾದರೂ ಬಾಯಿ ಬಿಡುತ್ತಾಳೆ, ಬೆಳಗಿನ ಹಾಗೆ ಒಂದು ಸಲ ಗುಡುಗಿದರೆ ಸಾಕು. ಅವಳ ಕಣ್ಣಲ್ಲಿ ನೀರಿತ್ತು.

"ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಬೈದೆನಲ್ಲ, ತಪ್ಪಾಯ್ತು ರೀ," ಅಂದಳು. "ನಿಮ್ಮೊಳಗೆ ಇಷ್ಟೆಲ್ಲ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಇಷ್ಟು ಜನಕ್ಕೆ ಬೇಕಾದೋರನ್ನ ನಾನು ಎಳ್ಕೊಂಡು ಹೋಗೋದಾ? ಮಗು ಎಲ್ಲಿ ಹೋಗ್ತಾಳೆ, ಇವರೆಲ್ಲ ವಾಪಸ್ ಬಂದ್ಮೇಲೆ ಬಂದು ನೋಡಿ." ಆಮೇಲೆ ಹೆಡ್‌ಮಿಸ್ಸಿನ ಕೈ ಹಿಡಿದುಕೊಂಡಳು. "ಅಕ್ಕ, ನಾಳೆ ಬಸ್ಸಲ್ಲಿ ಇವರ ಸೀಟು ಖಾಲಿ. ನೀವೇ ಬನ್ನಿ ನನ್ನ ಜೊತೆ. ಮೊಮ್ಮಗಳ ಜೊತೆ ಒಂದು ವಾರ ಇರೋಣ. ಮನೆ ತುಂಬ ಗಲಾಟೆ, ಒಬ್ಬಳೇ ಅನ್ನಿಸೋದೇ ಇಲ್ಲ."

ಹೆಡ್‌ಮಿಸ್ಸು ಪುಟ್ಟ ಹುಡುಗಿಯ ಹಾಗೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಆ ನಗು ನೋಡಿದ ಮೇಲೆ ಮೀಟರಣ್ಣನಿಗೆ ಬಾಯಿಗೆ ಬಂದ ಮಾತು ಗಂಟಲಲ್ಲೇ ಉಳಿಯಿತು.

"ಏನು ಬೇಕಾದ್ರೂ ಕೇಳಿ, ಇಲ್ಲ ಅನ್ನಲ್ಲ ಅಂದಿದ್ದೆ," ಅಂದರು ಅವರು, ಕೋಣೆಯ ಬೀಗದ ಕೈಗೊಂಚಲನ್ನು ಅವನ ಕೈಗಿಡುತ್ತಾ. "ನೀವು ಎಲ್ಲರಿಗೂ ರಜೆ ಕೇಳಿದ್ರಿ, ಕೊಟ್ಟೆ. ನಿಮಗೋಸ್ಕರ ಏನೂ ಕೇಳಲಿಲ್ಲ. ಇಂಥ ಮನುಷ್ಯ ಎಲ್ಲಿ ಸಿಗ್ತಾನೆ! ಒಂದು ವಾರ ನೀವೇ ಎಲ್ಲ ನೋಡ್ಕೊಳಿ. ಸಾಲು, ಹೊಲಿಗೆ, ಕುರ್ಚಿ ಎಲ್ಲ."

ಎಲ್ಲರೂ ಹೊರಟರು. ಹೋಗುವಾಗ ಎಲ್ಲರೂ ಕೈಬೀಸಿದರು. ಹೆಂಡತಿ ಹೆಡ್‌ಮಿಸ್ಸಿನ ಜೊತೆ, ಬಟ್ಟೆ ಯಾವುದು ಇಟ್ಟುಕೊಳ್ಳಬೇಕು ಅಂತ ಮಾತಾಡುತ್ತಾ ಹೋದಳು. ಕೋಣೆಯಲ್ಲಿ ಉಳಿದದ್ದು ಮೀಟರಣ್ಣ, ಕೈಯಲ್ಲಿ ಗೊಂಚಲು, ಗೋಡೆಯ ಮೇಲೆ ಕೆಂಪು ಬಿಲ್ಲೆಗಳ ನಡುವೆ ಒಂದೇ ಒಂದು ಹಸಿರು.

ಬಾಗಿಲಲ್ಲಿ ಗಾಲಿಕುರ್ಚಿ ನಿಂತಿತ್ತು. ಬ್ಯಾಂಕಣ್ಣ ಕ್ಯಾಂಟೀನಿನಿಂದ ತಳ್ಳಿಕೊಂಡು ಬಂದು ಅಲ್ಲೇ ಮರೆತುಹೋಗಿದ್ದ ಅಜ್ಜಿ, ಮಡಿಲು ತುಂಬ ಸಾಮಾನು ಇಟ್ಟುಕೊಂಡು ಕಾಯುತ್ತಿದ್ದಳು.

"ಬಾರಪ್ಪ ಕವಿ. ವಾರ್ಡಿಗೆ ಬಿಡು."

"ಅದು ಕವಿತೆ ಅಲ್ಲ ಅಜ್ಜಿ," ಅಂದ ಮೀಟರಣ್ಣ. ಅವಳೊಬ್ಬಳೇ ಇದ್ದದ್ದರಿಂದ ಮಾತು ತಡವರಿಸದೆ ಬಂತು.

"ನಂಗೊತ್ತಿಲ್ವಾ? ಬೆಳಿಗ್ಗೆಯಿಂದ ನಿನ್ನ ಗರಗರ ಕೇಳಿದೀನಿ. ನೀನು ಕವಿತೆ ಬರೆದ್ರೆ ಹೇಗಿರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ರಜೆ ಕೇಳ್ತಿದ್ದೆ."

"ಗೊತ್ತಿದ್ದೂ ಚಪ್ಪಾಳೆ ಹೊಡೆದ್ರಾ? ಎಲ್ಲರಿಗಿಂತ ಮೊದಲು?"

"ಹೊಡೀದೆ ಇರ್ತೀನಾ?" ಅಂದಳು ಅಜ್ಜಿ. "ನಿನಗೆ ರಜೆ ಸಿಕ್ಕಿದ್ರೆ ನಾಳೆ ನನ್ನನ್ನ ತಳ್ಳೋರು ಯಾರು?"

ಮೀಟರಣ್ಣನಿಗೆ ಸಿಟ್ಟು ಬರಬೇಕಿತ್ತು. ಬರಲಿ ಅಂತ ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಅಜ್ಜಿ ಕೈ ಚಾಚಿ ಅವನ ಕೈಯನ್ನು ಗೊಂಚಲಿನ ಸಮೇತ ಹಿಡಿದುಕೊಂಡಳು, ಮಾತಿಲ್ಲದೆ. ಅವನು ತನ್ನ ಮನಸ್ಸನ್ನು ಹಳೇ ಅಭ್ಯಾಸದಂತೆ ಮೀಟರ್ ನೋಡುವ ಹಾಗೆ ಒಂದು ಸಲ ಬಗ್ಗಿ ನೋಡಿಕೊಂಡ. ಡಾಕ್ಟರಮ್ಮ ಹೇಳಿದ್ದು ಸುಳ್ಳಾಗಿರಲಿಲ್ಲ. ಹಾಳಾದ್ದು, ನಿಜವಾಗಿಯೂ ಹಗುರವಾಗಿತ್ತು. ಇನ್ನು ಕೆಂಪು ಬಿಲ್ಲೆ ಸಿಕ್ಕರೂ ಯಾವ ಮುಖ ಇಟ್ಟುಕೊಂಡು ಹಾಕುವುದು?

ಅವನು ಕೋಣೆಗೆ ಬೀಗ ಹಾಕಿ, ಕುರ್ಚಿಯ ಹಿಡಿಗೆ ಕೈಕೊಟ್ಟು ತಳ್ಳಿದ. ಅಜ್ಜಿ, ಫ್ಲಾಸ್ಕು, ಶಾಲು, ರೇಡಿಯೋ, ಎರಡು ದಿಂಬು. ಮನಸ್ಸಿನಿಂದ ಇಳಿದ ಭಾರವೆಲ್ಲ ಅಲ್ಲಿ ಬಂದು ಕೂತಿತ್ತು.